ಅವ್ವ ಉಣಿಸಿದ ಕೌದಿ

ಹೈದರಾಬಾದಿನ ದೊಡ್ಡ ಪ್ರದರ್ಶನಕ್ಕೆ ತನ್ನ ಕೌದಿ ಕೊಡಲು ಅಕ್ಕ ಮೊದಲು ಒಪ್ಪಿರಲಿಲ್ಲ. ಅವಳನ್ನು ಒಪ್ಪಿಸಿದವಳು ನಾನು. "ಹ್ಯಾಂಗ ಒಯ್ತೇನೋ ಹಂಗೇ ತಂದು ನಿನ್ನ ಮನ್ಯಾಗ ಇಡ್ತೇನಿ" ಎಂದು ಅವಳ ಪಡಸಾಲೆಯಲ್ಲಿ ಕುಳಿತು ಮಾತು ಕೊಟ್ಟಿದ್ದೆ. ಆ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ.

ಅಕ್ಕ ಮಟಕಿಯಲ್ಲಿದ್ದಾಳೆ, ನಾನು ಆಳಂದದಲ್ಲಿ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಹೊಲಿಗೆಯ ಅಂಗಡಿ ಇದೆ. ಕುಪ್ಪಸ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ. ನಾನು ಓದಿದ್ದು ಐದನೆಯ ತರಗತಿಯವರೆಗೆ. ಅಕ್ಕನಿಗೆ ಅಷ್ಟೂ ಸಿಗಲಿಲ್ಲ. ನಾನು ಶಾಲೆಗೆ ಹೋಗುವಾಗ ಅವಳು ಅವ್ವನ ಜೊತೆ ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಸಂಜೆ ಬಂದು ಇಬ್ಬರೂ ಕೌದಿಗೆ ಕೂರುತ್ತಿದ್ದರು. ಹಳೆಯ ಸೀರೆ, ಧೋತ್ರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಒಂದು ಮೂಲೆ ಕೊನೆಗೆ ಬಿಟ್ಟು, ಅಂಚಿನಿಂದ ನಡುವಿನವರೆಗೆ ಸಾಲಾಗಿ ಸೂಜಿಯ ಟಿಪ್ಪು ಹಾಕುತ್ತ ಹೋಗುವ ಕೆಲಸ ಅದು. ನಾನು ದೊಡ್ಡವಳಾಗಿ ಮಷಿನ್ ಕೊಂಡಮೇಲೆ, ಬೇಗ ಆಗುತ್ತದೆ ಕೊಡು ಎಂದರೆ ಅಕ್ಕ ನಗುತ್ತಿದ್ದಳು. "ನಿನ್ನ ಮಷಿನ್ ಟಿಪ್ಪು ಪೊಲೀಸ್ರು ನಿಂತಂಗ ನಿಂದಿರ್ತಾವ. ಕೂಸು ಹೆದರ್ತಾವ" ಎನ್ನುತ್ತಿದ್ದಳು.

ಅಕ್ಕನ ಮಗಳನ್ನು ಅಫಜಲಪುರ ತಾಲ್ಲೂಕಿನ ಗೊಬ್ಬೂರಿಗೆ ಕೊಟ್ಟ ವರ್ಷ ಅವ್ವ ಒಂದು ಕೌದಿಗೆ ಕೈ ಹಾಕಿದಳು. ಮೊಮ್ಮಗಳ ಚೊಚ್ಚಲ ಕೂಸನ್ನು ಮಲಗಿಸಲಿಕ್ಕೆ ಅದು. ತನ್ನ ಇಳಕಲ್ ಸೀರೆಗಳನ್ನೇ ಕತ್ತರಿಸಿದಳು. ಒಳಗೆ ಅಪ್ಪನ ಧೋತ್ರ ಹಾಸಿದಳು. ಅರ್ಧ ಮುಗಿಯುವಷ್ಟರಲ್ಲಿ ಅವಳ ಕಣ್ಣು ಸೋತವು. ಉಳಿದದ್ದನ್ನು ಅಕ್ಕ ಹೊಲಿದಳು. ಕೊನೆಯ ಮೂಲೆ ಮುಚ್ಚುವ ಕೆಲಸ ಮಾತ್ರ ಅವ್ವನದೇ ಆಗಿತ್ತು.

ನಮ್ಮ ಕಡೆ ಕೌದಿಯನ್ನು ಬರಿಹೊಟ್ಟೆಯಲ್ಲಿ ಮುಚ್ಚುವುದಿಲ್ಲ. ಕೊನೆಯ ಮೂಲೆಯಲ್ಲಿ ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಇಟ್ಟು ಹೊಲಿಯುತ್ತೇವೆ. ಕೌದಿ ಉಂಡಿದ್ದರೆ ಅದರ ಮೇಲೆ ಮಲಗಿದವರೂ ಉಂಡಿರುತ್ತಾರೆ ಎನ್ನುತ್ತಾರೆ. ಅದು ಸಂಕ್ರಾಂತಿಯ ಸಮಯ. ಎಳ್ಳು ಹಚ್ಚಿದ ಸಜ್ಜೆರೊಟ್ಟಿಯನ್ನು ಒಣಗಿಸಿ ಇಟ್ಟಿದ್ದೆವು. ಅವ್ವ ಒಂದು ಚೂರು ಮುರಿದು, ಹಣೆಗೆ ಮುಟ್ಟಿಸಿಕೊಂಡು, ಮೂಲೆಯೊಳಗೆ ತಳ್ಳಿದಳು. ಕಣ್ಣು ಕಾಣದಿದ್ದರೂ ಬೆರಳಿನಿಂದಲೇ ತಡವಿ ತಡವಿ ಟಿಪ್ಪು ಹಾಕಿದಳು. "ಉಣಿಸೇನಿ ನೋಡವ್ವ, ಇನ್ನ ನೀವು ನೋಡ್ಕೋರಿ" ಎಂದಳು. ಯುಗಾದಿಗೆ ಮೊದಲೇ ಲಿಂಗೈಕ್ಯಳಾದಳು. ಅವಳ ಕೈಯ ಕೊನೆಯ ಕೆಲಸ ಅದೇ.

ಕೌದಿಯನ್ನು ಆರಿಸಿದವರು ಕಲಬುರಗಿಯಿಂದ ಹೆಣ್ಣುಮಕ್ಕಳ ಸಂಘಗಳಿಗೆ ತರಬೇತಿ ಕೊಡಲು ಬರುತ್ತಿದ್ದ ಒಬ್ಬ ಮೇಡಂ. ಅಕ್ಕನ ಅಂಗಳದಲ್ಲಿ ಬಿಸಿಲಿಗೆ ಹಾಕಿದ್ದನ್ನು ನೋಡಿ ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಹೋಗಿದ್ದರು. ತಿಂಗಳ ಮೇಲೆ ನನಗೆ ಫೋನು ಬಂತು. ಹೈದರಾಬಾದಿನಲ್ಲಿ ಬಟ್ಟೆ ಮತ್ತು ಕೈಕಸುಬಿನ ಅಂತರರಾಷ್ಟ್ರೀಯ ಪ್ರದರ್ಶನ, ನಾಲ್ಕು ದಿನ. ಕೌದಿ ಆಯ್ಕೆಯಾಗಿದೆ, ಅಕ್ಕ ತಂಗಿ ಇಬ್ಬರೂ ಬರಬಹುದು, ನಿಮಗೆ ಹಿಂದಿ ಬರುತ್ತದಲ್ಲ ಎಂದರು. ನಾನು ಅಂದೇ ಅಂಗಡಿ ಮುಚ್ಚಿ ಮಟಕಿಗೆ ಹೋದೆ.

"ಮಾರೂದಿಲ್ಲಕ್ಕಾ, ಬರೇ ತೋರ್ಸೂದು."

"ತೋರ್ಸಾಕ ಇದೇ ಯಾಕ ಬೇಕು? ಬ್ಯಾರೆ ನಾಕು ಅವ, ಒಯ್ಯಿ."

"ಅವ್ರು ಇದನ್ನೇ ಆರಿಸ್ಯಾರ. ಅವ್ವನ ಕೈಕೆಲಸ ದೇಶದೇಶದ ಮಂದಿ ನೋಡ್ತಾರ."

"ಅವ್ವ ದೇಶಕ್ಕ ಹೊಲಿದಿಲ್ಲ, ಕೂಸಿಗಿ ಹೊಲಿದಾಳ."

ಅಕ್ಕನ ಮಗಳು ಆಗ ಆರು ತಿಂಗಳ ಬಸುರಿ. ಬಾಣಂತನಕ್ಕೆ ತವರಿಗೆ ಬರುವವಳಿದ್ದಳು. ಅಷ್ಟರೊಳಗೆ ಕೌದಿ ಮನೆಗೆ ಬಂದಿರುತ್ತದೆ, ಒಂದು ದಾರವೂ ಆಚೀಚೆ ಆಗುವುದಿಲ್ಲ ಎಂದು ನಾನು ಮೇಲೆ ಹೇಳಿದ ಮಾತು ಕೊಟ್ಟೆ. ಅಕ್ಕ ಕೌದಿಯನ್ನು ಮಡಿಸುತ್ತ, "ಹಂಗಾದ್ರ ನಾನೂ ಬರ್ತೇನಿ. ಅದನ್ನ ಒಂದೇ ಕಳ್ಸೂದಿಲ್ಲ" ಎಂದಳು.

ಹೈದರಾಬಾದ್ ನಮಗೆ ಹೊಸದಲ್ಲ. ನಾವು ಸಣ್ಣವರಿದ್ದಾಗ ಅಪ್ಪ ಎರಡು ಬೇಸಿಗೆ ಅಲ್ಲಿ ಕಲ್ಲು ಒಡೆಯಲು ಹೋಗಿದ್ದ. ಅವ್ವ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿದ್ದಳು. ಊರ ಹೊರಗೆ ಒಂದರ ಮೇಲೊಂದು ಏರಿ ಕುಳಿತ ಬಂಡೆಗಳು, ಅವುಗಳ ನೆರಳಿನಲ್ಲಿ ನಮ್ಮ ತಗಡಿನ ಗುಡಿಸಲು. ನೀರಿಗೆ ದೂರ ಹೋಗಬೇಕಿತ್ತು. ಅಕ್ಕನ ಮನಸ್ಸಿನಲ್ಲಿ ಹೈದರಾಬಾದ್ ಎಂದರೆ ಆ ಬಂಡೆಗಳೇ.

ನಮ್ಮನ್ನು ಇಳಿಸಿದ ವಸತಿಗೃಹ ಅದೇ ದಿಕ್ಕಿನಲ್ಲಿತ್ತು ಎಂದು ಮೇಡಂ ಹೇಳಿದರು. ನಾವು ಒಂದು ಬಂಡೆಯನ್ನೂ ಕಾಣಲಿಲ್ಲ. ಎತ್ತ ನೋಡಿದರೂ ಗಾಜಿನ ಕಟ್ಟಡಗಳು, ಅವುಗಳ ಪಕ್ಕದಲ್ಲಿ ಇನ್ನೂ ಏಳುತ್ತಿದ್ದ ಕಟ್ಟಡಗಳು, ಮೇಲೆ ಉದ್ದ ಕೈ ಚಾಚಿದ ಕ್ರೇನುಗಳು. ರಸ್ತೆಯ ಮೇಲೆ ರಸ್ತೆ, ಅದರ ಮೇಲೆ ಮೆಟ್ರೊ. ಗಾಡಿಯ ಚಾಲಕ, ಹೋದ ವರ್ಷ ಈ ತಿರುವು ಇರಲಿಲ್ಲ ಎಂದು ತಾನೇ ದಾರಿ ತಪ್ಪಿ ಎರಡು ಸಲ ಸುತ್ತಿದ.

"ಅಪ್ಪ ಒಡೆದ ಕಲ್ಲ ಎಲ್ಲಿ ಹೋದ್ವು ಬೇ?" ಎಂದಳು ಅಕ್ಕ.

"ಇವುಗಳ ಬುಡಕ್ಕ ಹಾಕಿರ್ತಾರ."

"ಇಷ್ಟೊಂದು ಗಾಜು ಯಾರು ಒರಸ್ತಾರೋ" ಎಂದು ಅವಳು ಕತ್ತೆತ್ತಿದಳು. ಹಗ್ಗಕ್ಕೆ ಜೋತುಬಿದ್ದು ಒಬ್ಬ ಮನುಷ್ಯ ಮೇಲಿನ ಅಂತಸ್ತಿನ ಗಾಜು ಒರಸುತ್ತಿದ್ದ. ಅಕ್ಕ ಕೂಡಲೇ ಕಣ್ಣು ಕೆಳಗೆ ಮಾಡಿ, "ಶಿವನೇ, ಕೇಳಬಾರದಿತ್ತು" ಎಂದಳು. ಮುಂದೆ ದಾರಿಯುದ್ದಕ್ಕೂ ಕೌದಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕುಳಿತಳು.

ಪ್ರದರ್ಶನದ ಕಟ್ಟಡದ ಒಳಗೆ ಚಳಿ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಮಾಘದ ಬೆಳಗಿನಂತೆ ಮೈ ನಡುಗುತ್ತಿತ್ತು. ನಮ್ಮ ಕೊರಳಿಗೆ ಫೋಟೊ ಇದ್ದ ಚೀಟಿ ಕಟ್ಟಿದರು. ಯಾವ ಯಾವ ದೇಶದ ಬಟ್ಟೆಗಳೋ, ಕೈಯಿಂದ ಮುಟ್ಟಬಾರದು ಎಂಬ ಹಲಗೆಗಳೋ! ನಮಗೆ ಒಂದು ಸಣ್ಣ ಮೇಜು ಕೊಟ್ಟಿದ್ದರು. ಆದರೆ ಬಾಗಿಲ ಎದುರಿಗೇ ದೊಡ್ಡ ಬಿಳಿ ಗೋಡೆಯೊಂದಿತ್ತು. ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಅದೇ. ಅದರ ಮೇಲೆ ಆರೇಳು ದೇಶಗಳ ಹೊದಿಕೆಗಳನ್ನು ತೂಗುಹಾಕುತ್ತಿದ್ದರು. ಮೇಡಂ ಓಡಿ ಬಂದು, ನಮ್ಮ ಕೌದಿಗೂ ಆ ಗೋಡೆಯ ಮೇಲೆ ಜಾಗ ಸಿಕ್ಕಿದೆ ಎಂದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಕ್ಕ ಆಗ ಅಲ್ಲಿರಲಿಲ್ಲ. ನಮ್ಮ ಜೊತೆ ಜೇವರ್ಗಿ ಕಡೆಯ ಒಬ್ಬ ಹೆಣ್ಣುಮಗಳು ಕೂಸುಗಳ ತಲೆಗೆ ಹಾಕುವ ಕುಲಾಯಿ ಹೊಲಿದು ತಂದಿದ್ದಳು. ಅವಳೊಡನೆ ಅಕ್ಕ ಬಚ್ಚಲು ಹುಡುಕಿಕೊಂಡು ಹೋಗಿದ್ದಳು. ತಾನೇ ಓಡುವ ಮೆಟ್ಟಿಲು ಹತ್ತಲು ಹೆದರಿ ಇಬ್ಬರೂ ಕಟ್ಟಡವನ್ನೆಲ್ಲ ಸುತ್ತಿ ಸಾದಾ ಮೆಟ್ಟಿಲು ಹುಡುಕಿದರಂತೆ. ಬರಲು ಅರ್ಧ ತಾಸಿನ ಮೇಲಾಯಿತು. ಆ ಅರ್ಧ ತಾಸಿನಲ್ಲೇ ಎಲ್ಲ ಆಯಿತು.

ಗೋಡೆಗೆ ಹಾಕುವ ಮುನ್ನ ಎಲ್ಲ ಬಟ್ಟೆಗಳನ್ನೂ ತಪಾಸಣೆ ಮಾಡುತ್ತಿದ್ದ ಒಬ್ಬ ಹೆಂಗಸು ಬಿಳಿ ಕೈಗವಸು ತೊಟ್ಟು ಕೌದಿಯನ್ನು ಅಂಗುಲ ಅಂಗುಲವಾಗಿ ತಡವಿದಳು. ಮೂಲೆಗೆ ಬಂದು ನಿಂತಳು. ಇದೇನು ಗಟ್ಟಿ ಎಂದು ಹಿಂದಿಯಲ್ಲಿ ಕೇಳಿದಳು. ರೊಟ್ಟಿ ಎಂದೆ. ಅವಳು ಹುಬ್ಬು ಗಂಟಿಕ್ಕಿದಳು. ತಿನ್ನುವ ಪದಾರ್ಥವಿದ್ದರೆ ಹುಳ ಬೀಳುತ್ತದೆ, ಪಕ್ಕದಲ್ಲಿ ನೂರು ವರ್ಷದ ರೇಷ್ಮೆ ಇದೆ, ಗೋಡೆಗೆ ಹಾಕಲು ಬರುವುದಿಲ್ಲ ಎಂದಳು. ಬೈದು ಹೇಳಲಿಲ್ಲ. ಅವಳ ಕೆಲಸ ಅದು. ಬೇಕಾದರೆ ನಿಮ್ಮ ಮೇಜಿನ ಮೇಲೆ ಇಟ್ಟುಕೊಳ್ಳಿ, ಅಲ್ಲಿ ಯಾರ ಅಡ್ಡಿಯೂ ಇಲ್ಲ. ಗೋಡೆಗೇ ಬೇಕೆಂದರೆ ಒಳಗಿರುವುದನ್ನು ತೆಗೆಯಬೇಕು ಎಂದಳು.

ಅಂದರೆ ನನಗೆ ದಾರಿ ಇತ್ತು. ಇದನ್ನು ಮುಚ್ಚಿಡುವುದಿಲ್ಲ. ಮೇಜು ಇತ್ತು. ಅಕ್ಕ ಬರಲಿ ತಡೆಯಿರಿ ಎಂದರೂ ತಡೆಯುತ್ತಿದ್ದರು.

ನನ್ನ ಹಿಂದೆ ಫೋಟೊ ಹೊಡೆಯುವವನು ಕಾಯುತ್ತಿದ್ದ. ಇಬ್ಬರು ಪರದೇಶದ ಹೆಂಗಸರು ನಿಂತು ನೋಡುತ್ತಿದ್ದರು. ರೊಟ್ಟಿ ಎಂಬ ಮಾತು ಕೇಳಿ ಅಲ್ಲಿನ ಹುಡುಗಿಯೊಬ್ಬಳು ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕುಬಿಟ್ಟೆ. "ಪುರಾನೇ ಲೋಗಾಂ ಕಾ ಖಯಾಲ್ ಹೈ" ಎಂದೆ. ಹಳೆಯ ಮಂದಿಯ ಕಲ್ಪನೆ ಎಂದು. ನನ್ನ ಅವ್ವನನ್ನು ನಾನು ಹಳೆಯ ಮಂದಿ ಎಂದೆ. ಪರ್ಸಿನಲ್ಲಿ ಸದಾ ಇರುವ ಸಣ್ಣ ಕತ್ತರಿ ತೆಗೆದು ಮೂಲೆಯ ಟಿಪ್ಪು ಬಿಚ್ಚಿದೆ. ಅವ್ವನ ಟಿಪ್ಪುಗಳು ಸೊಟ್ಟ, ಒಂದರ ಮೇಲೊಂದು ಬಿದ್ದಿದ್ದವು. ಸುಲಭಕ್ಕೆ ಬಿಚ್ಚಲಿಲ್ಲ. ಹನ್ನೆರಡೋ ಹದಿಮೂರೋ ಇದ್ದವು.

ರೊಟ್ಟಿಯ ಚೂರು ಎರಡು ಭಾಗವಾಗಿ ನನ್ನ ಅಂಗೈಗೆ ಬಿತ್ತು. ಎಳ್ಳು ಹಾಗೇ ಅಂಟಿಕೊಂಡಿತ್ತು. ಹುಳ ಹಿಡಿದಿರಲಿಲ್ಲ. ಆ ಹೆಂಗಸು ಕಾಲಬುಡದ ಕಸದ ಡಬ್ಬಿಯನ್ನು ಎತ್ತಿ ನನ್ನ ಮುಂದೆ ಹಿಡಿದಳು. ನಾನು ಹಾಕಿದೆ.

ಬಿಚ್ಚಿದ್ದಕ್ಕಿಂತ ಇದು ನನ್ನನ್ನು ಹೆಚ್ಚು ತಿನ್ನುತ್ತದೆ. ಸೆರಗಿನ ತುದಿಗೆ ಕಟ್ಟಿಕೊಂಡಿದ್ದರೆ ಯಾರು ಬೇಡವೆನ್ನುತ್ತಿದ್ದರು? ನಾಲ್ಕು ದಿನದ ಮೇಲೆ ಮಟಕಿಗೆ ಬಂದು ಮತ್ತೆ ಅದನ್ನೇ ಇಟ್ಟು ಹೊಲಿಯಬಹುದಿತ್ತು. ಡಬ್ಬಿ ಮುಂದೆ ಬಂತು, ಎಲ್ಲರೂ ನೋಡುತ್ತಿದ್ದರು, ನಾಚಿಕೆಯಾಯಿತು, ಕೈ ಬಿಟ್ಟೆ. ಮೂಲೆ ಚಪ್ಪಟೆಯಾಗಿ ಕಂಡರೆ ಅಕ್ಕನಿಗೆ ಗೊತ್ತಾಗುತ್ತದೆಂದು ಒಂದು ಬಟ್ಟೆಯ ತುಂಡನ್ನು ಗಟ್ಟಿಯಾಗಿ ಸುತ್ತಿ ಒಳಗೆ ತುರುಕಿ ಹೊಲಿದೆ. ಬಟ್ಟೆಯಾದರೆ ಅಡ್ಡಿಯಿಲ್ಲ ಎಂದಳು ಆಕೆ. ಫೋಟೊ ಹೊಡೆದರು. ಕೌದಿ ಗೋಡೆಗೆ ಏರಿತು.

ಅಕ್ಕ ಬಂದು ನೋಡಿ ಬಾಗಿಲಲ್ಲೇ ನಿಂತಳು. ದೀಪದ ಬೆಳಕು ನೇರವಾಗಿ ಬಿದ್ದು ಇಳಕಲ್ಲಿನ ಕೆಂಪು ಸೆರಗು ಉರಿಯುತ್ತಿತ್ತು. "ಅವ್ವ ಎಷ್ಟು ಮ್ಯಾಲ ಕುಂತಾಳ ನೋಡು" ಎಂದಳು. ಕಣ್ಣು ಒರೆಸಿಕೊಂಡಳು. ನಾನು ಆಗಲೇ ಹೇಳಬೇಕಿತ್ತು.

ಆ ದಿನ ಮಧ್ಯಾಹ್ನದಿಂದ ಮಂದಿ ಬರತೊಡಗಿದರು. ಬಿಳಿ ಕೂದಲಿನ ಒಬ್ಬ ಪರದೇಶದ ಮುದುಕಿ ಕೌದಿಯ ಮುಂದೆ ಬಹಳ ಹೊತ್ತು ನಿಂತಳು. ಅಲ್ಲಿನ ಹುಡುಗಿ ಅವಳ ಮಾತನ್ನು ಹಿಂದಿಗೆ ತಂದು ನನಗೆ ಹೇಳುತ್ತಿದ್ದಳು, ನಾನು ಅಕ್ಕನಿಗೆ ಹೇಳುತ್ತಿದ್ದೆ. ಅಕ್ಕ ಅಂಜದೆ ಆ ಮುದುಕಿಯ ಕೈ ಹಿಡಿದು ಕೆಳಗಿನ ಮೂಲೆಯ ಮೇಲೆ ಇಟ್ಟಳು.

"ಇದಕ್ಕ ನಮ್ಮವ್ವ ಉಣಿಸ್ಯಾಳ್ರಿ. ಸಜ್ಜಿರೊಟ್ಟಿ ಅದ ಒಳಗ. ಇದರ ಹೊಟ್ಟಿ ತುಂಬ್ಯಾದ." ಆಮೇಲೆ ನನ್ನ ಕಡೆ ತಿರುಗಿ, "ಹೇಳ್ ಬೇ, ಯಾಕ ಸುಮ್ಮ ನಿಂತಿ?" ಎಂದಳು.

ನಾನು ಹೇಳಿದೆ. ಆ ಮುದುಕಿ ಮೂಲೆಯನ್ನು ಮೆಲ್ಲಗೆ ಒತ್ತಿ, ತನ್ನ ಇನ್ನೊಂದು ಕೈಯನ್ನು ಎದೆಯ ಮೇಲಿಟ್ಟುಕೊಂಡಳು. ಸಂಜೆಯವರೆಗೆ ಎಷ್ಟು ಮಂದಿಗೆ ಅದನ್ನೇ ಹೇಳಿದೆನೋ. ಅಕ್ಕ ಹೇಳಿದಳು, ನಾನು ಅನುವಾದಿಸಿದೆ. ತಪಾಸಣೆಯ ಹೆಂಗಸು ಒಮ್ಮೆ ಪಕ್ಕದಲ್ಲೇ ಹಾದುಹೋದಳು. ನಾನು ಹೇಳುವುದನ್ನು ಕೇಳಿ ನನ್ನ ಮುಖ ನೋಡಿದಳು. ಹಾಗೇ ಮುಂದೆ ನಡೆದಳು.

ಸಂಜೆ ಮಂದಿ ತೆಳುವಾದ ಮೇಲೆ ಅಕ್ಕ ಒಬ್ಬಳೇ ಗೋಡೆಯ ಹತ್ತಿರ ಹೋಗಿ ಕೌದಿಯ ಅಂಚು ಸರಿ ಮಾಡುತ್ತಿದ್ದಳು. ನಾನು ದೂರದಿಂದ ನೋಡಿದೆ. ಮೂಲೆಯ ಹತ್ತಿರ ಅವಳ ಕೈ ನಿಂತಂತೆ ಕಂಡಿತು. ತಿರುಗಿ ಬಂದು ಚಹಾ ಕುಡಿದಳು. ರಾತ್ರಿ ಕೋಣೆಯಲ್ಲಿ ಎಂದಿನಂತೆ ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮಾಡಿ, ಊರಿಂದ ತಂದ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿ ನನಗೂ ಹಾಕಿದಳು. ನಾನು ಒಂದು ತುತ್ತು ಮುರಿದು ಉಳಿದದ್ದನ್ನು ಬದಿಗೆ ಸರಿಸಿದೆ. "ಈ ಊರ ನೀರು ಹಿಡಿಸಿಲ್ಲ ನಿನಗ" ಎಂದಳು.

ಮಾರನೆಯ ದಿನದಿಂದ ಅಕ್ಕ ಯಾರ ಕೈಯನ್ನೂ ಮೂಲೆಗೆ ಮುಟ್ಟಿಸಲಿಲ್ಲ. ಕೇಳಿದವರಿಗೆ "ಹೊಟ್ಟಿ ತುಂಬ್ಯಾದ್ರಿ" ಎಂದಷ್ಟೇ ಹೇಳುತ್ತಿದ್ದಳು. ಹೇಳುವಾಗ ತನ್ನದೇ ಅಂಗೈಯನ್ನು ಮೂಲೆಯ ಮೇಲೆ ಮುಚ್ಚಿ ಹಿಡಿದಿರುತ್ತಿದ್ದಳು. ದಣಿದಿದ್ದಾಳೆ ಎಂದುಕೊಂಡೆ.

ಕೊನೆಯ ದಿನ ಮೇಡಂ ನಮ್ಮನ್ನು ಮೆಟ್ರೊದಲ್ಲಿ ಕೂರಿಸಿದರು. ಊರು ಕಾಲ ಕೆಳಗೆ ಓಡುತ್ತಿತ್ತು. ಒಂದು ಕಡೆ ಎರಡು ಕಟ್ಟಡಗಳ ನಡುವೆ ಒಂದೇ ಒಂದು ಬಂಡೆ ಉಳಿದಿತ್ತು. ಸುತ್ತಲೂ ತಗಡಿನ ಬೇಲಿ, ಪಕ್ಕದಲ್ಲಿ ಕಲ್ಲು ಒಡೆಯುವ ಯಂತ್ರ. ಜೇವರ್ಗಿಯ ಹೆಣ್ಣುಮಗಳು, "ಇಷ್ಟು ಹಳೇದು ಇಟ್ಟಾರಲ್ರಿ, ಪುಣ್ಯವಂತರು" ಎಂದಳು. "ಇನ್ನ ತೆಗೆದಿಲ್ಲ, ಅಷ್ಟೇ" ಎಂದಳು ಅಕ್ಕ. ನನಗೆ ಹೇಳಿದಂತಾಯಿತು. ಆದರೂ ಬಾಯಿ ಬಿಡಲಿಲ್ಲ. ಬರುವಾಗ ರೈಲಿನಲ್ಲಿ ವಾಡಿ ದಾಟುವಷ್ಟರಲ್ಲಿ ಹೇಳುತ್ತೇನೆ ಎಂದುಕೊಂಡೆ. ವಾಡಿ ಬಂತು, ಅಕ್ಕ ಕೌದಿಗೆ ತಲೆಯಿಟ್ಟು ಮಲಗಿದ್ದಳು. ಕಲಬುರಗಿ ಬಂತು, ಇಳಿದೆವು.

ಆಳಂದಕ್ಕೆ ಬಂದಮೇಲೆ ಎಲ್ಲರೂ ನನ್ನನ್ನು ಹೊಗಳಿದರು. ಗೋಡೆಯ ಮುಂದೆ ನಿಂತ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ನಾನು ಮಟಕಿಗೆ ಹೋಗುವುದನ್ನು ಕಡಿಮೆ ಮಾಡಿದೆ. ಮದುವೆ ಸುಗ್ಗಿ, ಕೆಲಸ ಬಹಳ ಎಂದು ಫೋನಿನಲ್ಲಿ ಹೇಳುತ್ತಿದ್ದೆ. ಅಕ್ಕನೂ ಏಕೆ ಬರಲಿಲ್ಲ ಎಂದು ಕೇಳಲಿಲ್ಲ.

ಅಕ್ಕನ ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲು ಹಾಕುವ ದಿನ ಹೋಗದೆ ಇರಲು ಆಗಲಿಲ್ಲ. ನಸುಕಿನಲ್ಲೇ ಹೋದೆ. ಅಕ್ಕ ಒಳಗೆ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. ಬೇರೆ ಯಾರೂ ಎದ್ದಿರಲಿಲ್ಲ. ಕೂಸನ್ನು ಆ ಕೌದಿಯ ಮೇಲೆ ಮಲಗಿಸುವ ದಿನ ಅದು. ಇನ್ನು ಸುಮ್ಮನಿದ್ದರೆ ಆ ಸುಳ್ಳಿನ ಮೇಲೆ ಕೂಸನ್ನು ಮಲಗಿಸಿದಂತೆ ಎನಿಸಿ, ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ಹೇಳಿದೆ. ಕತ್ತರಿ, ನಗು, ಕಸದ ಡಬ್ಬಿ, ಬಟ್ಟೆಯ ತುಂಡು.

ಅಕ್ಕ ರುಬ್ಬುವುದನ್ನು ನಿಲ್ಲಿಸಲಿಲ್ಲ.

"ಗೊತ್ತದ" ಎಂದಳು.

"ಯಾವಾಗಿಂದ?"

"ಅವತ್ತ ಸಂಜಿಗೇ. ಅವ್ವನ ಟಿಪ್ಪು ನನ್ನ ಬೆರಳಿಗಿ ಗೊತ್ತಿಲ್ಲೇನು? ನಿನ್ನವು ಸಾಲಾಗಿ ನಿಂತಿದ್ವು."

"ಮತ್ತ ಮೂರು ದಿನ ಎಲ್ಲರ ಮುಂದ ಹೊಟ್ಟಿ ತುಂಬ್ಯಾದ ಅಂದಿ?"

"ಏನು ಅನ್ಲಿ? ಅಷ್ಟು ಮಂದ್ಯಾಗ ನನ್ನ ತಂಗಿ ಸುಳ್ಳಿ ಅಂತ ಅನ್ಲೇನು?" ಅವಳು ಹೂರಣವನ್ನು ಪಾತ್ರೆಗೆ ತೆಗೆದಳು. "ಚೂರು ನಿನ್ನ ಹತ್ರ ಅದ ಅಂತ ತಿಳಿದಿದ್ದೆ. ಇವತ್ತ ಕೊಡ್ತಿ, ನಾಳಿ ಕೊಡ್ತಿ ಅಂತ ದಾರಿ ನೋಡ್ದೆ. ಫೋನ್ ಬಂದಾಗೊಮ್ಮೆ ಅದೇ ಅಂದ್ಕೊಂಡೆ."

ಆ ಮೂರು ತಿಂಗಳು ಅಕ್ಕ ಕಾದಿದ್ದಳು ಎಂಬುದು ನನಗೆ ಹೊಳೆದೇ ಇರಲಿಲ್ಲ. ಅವಳ ಕಾಲು ಹಿಡಿಯಲು ಬಾಗಿದೆ. "ಏಳು, ಮಂದಿ ಏಳ್ತಾರ. ಹೋಳಿಗಿಗೆ ಹಿಟ್ಟು ನಾದು" ಎಂದಳು.

ಮಧ್ಯಾಹ್ನ ಗೊಬ್ಬೂರಿನಿಂದ ಬೀಗರು ಬಂದರು. ತೊಟ್ಟಿಲಿಗೆ ಹೂ ಕಟ್ಟಿದರು. ಅಕ್ಕ ಕೌದಿಯನ್ನು ತಂದು ಪಡಸಾಲೆಯ ನಡುವೆ ಬಿಚ್ಚಿದಳು. ಮೂಲೆಯನ್ನು ಆಗಲೇ ತಾನೇ ಬಿಚ್ಚಿದ್ದಳು. ನನ್ನ ಟಿಪ್ಪುಗಳೂ ಇರಲಿಲ್ಲ, ನಾನು ತುರುಕಿದ ಬಟ್ಟೆಯೂ ಇರಲಿಲ್ಲ. ಅವತ್ತಿನ ಹೋಳಿಗೆಯ ಅಂಚನ್ನು ಹಂಚಿನ ಮೇಲೆ ಗರಿಗರಿಯಾಗಿ ಸುಟ್ಟು ತಂದಿದ್ದಳು. ಅದನ್ನು ಹಣೆಗೆ ಮುಟ್ಟಿಸಿಕೊಂಡು ಒಳಗಿಟ್ಟಳು. ಸೂಜಿಗೆ ದಾರ ಏರಿಸಿ ಸುತ್ತಲೂ ನೋಡಿದಳು. ತಾನೇ ಹೊಲಿಯಬಾರದಂತೆ, ಕೂಸಿನ ಅಜ್ಜಿ ಉಣಿಸಿದರೆ ಇನ್ನೊಬ್ಬರು ಮುಚ್ಚಬೇಕಂತೆ. ಅಂಥದ್ದೊಂದು ಪದ್ಧತಿಯನ್ನು ನಾನು ಹಿಂದೆ ಕೇಳಿರಲಿಲ್ಲ. ನಾನು ಹತ್ತಿರದಲ್ಲೇ ಕುಳಿತಿದ್ದೆ.

ಸೂಜಿಯನ್ನು ಬೀಗತಿಯ ಕಡೆ ಚಾಚಿದಳು. ಆ ಹೆಣ್ಣುಮಗಳು ನಕ್ಕು ಹಿಂದೆ ಸರಿದಳು.

"ನನಗ ಗುಂಡಿ ಹಚ್ಚಾಕೂ ಬರಂಗಿಲ್ರಿ ಬೀಗತೀ. ಮನಿ ಮಗಳು ಟೇಲರ್ ಬಾಜೂಕ ಕುಂತಾಳ, ಆಕಿ ಇದ್ದಾಗ ನನಗ ಯಾಕ ಕೊಡ್ತೀರಿ?"

"ಆಕಿ ಹೊಲಿಗಿ ಛಲೋ ಅದ್ರಿ," ಎಂದಳು ಅಕ್ಕ, ನನ್ನ ಕಡೆ ನೋಡದೆ. "ಇದಕ್ಕ ಛಲೋ ಹೊಲಿಗಿ ಬ್ಯಾಡ. ನೀವೇ ಹಾಕ್ರಿ."

ಬೀಗತಿ ಕನ್ನಡಕ ಏರಿಸಿ ಹೊಲಿದಳು. ಎರಡು ಸಲ ಬೆರಳಿಗೆ ಚುಚ್ಚಿಕೊಂಡಳು. ದೊಡ್ಡ ದೊಡ್ಡ ಟಿಪ್ಪು, ದಾರ ಸಡಿಲ, ಒಂದು ಕಡೆ ಮೇಲಿನ ಪದರ ಸಿಕ್ಕೇ ಇರಲಿಲ್ಲ. ಎರಡು ಒಗೆತಕ್ಕೆ ಬಿಚ್ಚಿಹೋಗುವಂಥ ಹೊಲಿಗೆ. ಸರಿ ಮಾಡಲು ನನ್ನ ಕೈ ತಾನೇ ಮುಂದೆ ಹೋಯಿತು. ಅದನ್ನು ಸೆರಗಿನೊಳಗೆ ಹಿಡಿದುಕೊಂಡೆ.

ಕೂಸನ್ನು ತಂದು ಕೌದಿಯ ಮೇಲೆ ಮಲಗಿಸಿದರು. ಅದು ಒಮ್ಮೆ ಮೈಮುರಿದು ನಿದ್ದೆ ಹೋಯಿತು. ಹೆಣ್ಣುಮಕ್ಕಳು ಜೋಗುಳ ಹಾಡತೊಡಗಿದರು. ಅಕ್ಕ ನನ್ನ ಕಡೆ ಬಾಗಿ, ಬೇರೆ ಯಾರಿಗಾದರೂ ಹೇಳುವಂತೆಯೇ ಮೆಲ್ಲಗೆ, "ಒಳಗ ಊಟಕ್ಕ ಎಲಿ ಹಾಕ್ ಹೋಗವ್ವ" ಎಂದಳು. ನಾನು ಎದ್ದು ಹೋದೆ.